ಬಾಗಲಕೋಟೆ ದಾರಿಯ ಗೂಡ್ಸ್ ಡಬ್ಬಿ: ಮಾದರಿ ಮಾಡುವ ಮುಂಚಿನ ಹುಡುಕಾಟ

(ವಿಜಯಪುರದಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ)

ಮಾದರಿ ರೈಲು ಅಂದ ಕೂಡಲೇ ಎಲ್ಲರೂ ಇಂಜಿನ್ ಬಗ್ಗೆ ಕೇಳುತ್ತಾರೆ. ಉಗಿ ಇಂಜಿನ್ನುಗಳ ಫೋಟೋ ಬೇಕಾದಷ್ಟು ಸಿಗುತ್ತವೆ. ಅವುಗಳ ನಂಬರು, ಕಟ್ಟಿದ ಕಾರ್ಖಾನೆ, ಗುಜರಿಗೆ ಹೋದ ವರ್ಷ ಎಲ್ಲವನ್ನೂ ಬರೆದಿಟ್ಟವರಿದ್ದಾರೆ. ಅದರ ಹಿಂದೆ ಸಾಲಾಗಿ ಬರುತ್ತಿದ್ದ ಗೂಡ್ಸ್ ಡಬ್ಬಿಗಳನ್ನು ಮಾತ್ರ ಯಾರೂ ಅಷ್ಟು ಗಮನಿಸಲಿಲ್ಲ. ಆದರೆ ನಮ್ಮ ಕಡೆ ರೈಲು ಬಂದದ್ದೇ ಆ ಡಬ್ಬಿಗಳಿಗಾಗಿ. 1876-78ರ ದೊಡ್ಡ ಬರದಲ್ಲಿ ಈ ಸೀಮೆಗೆ ಕಾಳು ತಂದು ಮುಟ್ಟಿಸುವುದಕ್ಕೆ ಎತ್ತಿನ ಗಾಡಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಎಳೆಯಬೇಕಾದ ಎತ್ತುಗಳೇ ಮೇವಿಲ್ಲದೆ ಸತ್ತವು. ಆ ಬರದ ನಂತರವೇ ಬರಪೀಡಿತ ಪ್ರದೇಶಗಳಿಗೆ ರೈಲು ಬೇಕೇ ಬೇಕು ಅನ್ನುವ ಮಾತು ಗಟ್ಟಿಯಾಯಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಸೋಲಾಪುರ ಹತ್ತಿರದ ಹೋಟಗಿಯಿಂದ ವಿಜಯಪುರ, ಬಾಗಲಕೋಟೆ, ಬಾದಾಮಿ ಮೇಲೆ ಗದಗಿನವರೆಗೆ ಒಂದು ಮೀಟರ್ ಅಂತರದ, ಅಂದರೆ ಮೀಟರ್‌ಗೇಜ್ ಹಳಿ ಬಿತ್ತು. ಅದೇ ದಶಕದ ಕೊನೆಯ ಹೊತ್ತಿಗೆ ಬೆಳಗಾವಿ, ಲೋಂಡಾ ಕಡೆಯ ದಾರಿಯೂ ಆಯಿತು. ಕಾಳು ಬರಬೇಕು, ಹತ್ತಿ ಹೋಗಬೇಕು. ಲೆಕ್ಕ ಅಷ್ಟೇ ಇತ್ತು.

ಆ ಮೀಟರ್‌ಗೇಜ್ ಈಗ ಇಲ್ಲ. ಬೆಳಗಾವಿ ಕಡೆ 1990ರ ದಶಕದಲ್ಲಿ, ನಮ್ಮ ಹೋಟಗಿ–ಗದಗ ದಾರಿಯಲ್ಲಿ 2000ದ ದಶಕದಲ್ಲಿ ಎಲ್ಲ ಅದಕ್ಕಿಂತ ಅಗಲದ ಬ್ರಾಡ್‌ಗೇಜ್ ಆಯಿತು. ಡಬ್ಬಿಗಳು ಗುಜರಿಗೆ ಹೋದವು. ಒಂದು ಇಂಜಿನ್ನನ್ನು ಸ್ಟೇಷನ್ ಮುಂದೆ ಬಣ್ಣ ಬಳಿದು ನಿಲ್ಲಿಸುತ್ತಾರೆ. ನಾಲ್ಕು ಚಕ್ರದ ಮುಚ್ಚು ಡಬ್ಬಿಯನ್ನು ಹಾಗೆ ನಿಲ್ಲಿಸುವುದು ಬಹಳ ಅಪರೂಪ. ಹೀಗಾಗಿ ಅದರ ಸರಿಯಾದ ಮಾದರಿ ಮಾಡುವುದು ನನ್ನ ಮಟ್ಟಿಗೆ ಆಟಿಕೆ ಮಾಡುವ ಕೆಲಸ ಅಲ್ಲ. ಹೋದ ವಸ್ತುವನ್ನು ಅಳತೆ ಸಮೇತ ಉಳಿಸಿಕೊಳ್ಳುವ ಕೆಲಸ.

ಈ ಹುಡುಕಾಟಕ್ಕೆ ಕೈಹಾಕುವ ಹುಡುಗರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ, "ಸರ್, ಡ್ರಾಯಿಂಗ್ ಎಲ್ಲಿ ಸಿಗುತ್ತೆ?" ನಾನು ತಿರುಗಿ ಕೇಳುತ್ತೇನೆ, "ಯಾವ ವರ್ಷದ ಡಬ್ಬಿ? ಯಾವ ಸ್ಟೇಷನ್ನಿನಲ್ಲಿ ನಿಂತಿದೆ?" ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ. ಡಬ್ಬಿ ಆರಿಸುವ ಮುಂಚೆ ವರ್ಷ ಮತ್ತು ಜಾಗ ಆರಿಸಿಕೊಳ್ಳಿ. 1938ರ ವಿಜಯಪುರ ಅನ್ನಿ, 1965ರ ಬಾಗಲಕೋಟೆ ಅನ್ನಿ, 1974ರ ಘಟಪ್ರಭಾ ಅನ್ನಿ. ಅದನ್ನು ಗಟ್ಟಿ ಮಾಡಿಕೊಂಡರೆ ಬಣ್ಣ, ಅಕ್ಷರ, ಬ್ರೇಕು, ಒಳಗಿನ ಮಾಲು, ಮೇಲಿನ ಧೂಳು ಎಲ್ಲಕ್ಕೂ ಒಂದು ಉತ್ತರ ಹುಡುಕಬಹುದು. ಅದಿಲ್ಲದಿದ್ದರೆ ಮೂರು ಕಾಲದ ಮೂರು ಡಬ್ಬಿಗಳ ತುಂಡು ಸೇರಿಸಿ, ಯಾವ ಕಾಲದಲ್ಲೂ ಇರದಿದ್ದ ಒಂದು ಡಬ್ಬಿ ಮಾಡಿಬಿಡುತ್ತೇವೆ.

ಡ್ರಾಯಿಂಗ್ ಅಂದರೆ ಡಬ್ಬಿಯ ಜಾತಕ ಇದ್ದ ಹಾಗೆ. ಹುಟ್ಟಿದ ಗಳಿಗೆಯಲ್ಲಿ ಹೇಗಿತ್ತು ಅನ್ನುವುದು ಅದರಲ್ಲಿರುತ್ತದೆ. ಆಮೇಲೆ ಏನಾಯಿತು ಅನ್ನುವುದು ಇರುವುದಿಲ್ಲ. ಒಂದು ಗೂಡ್ಸ್ ಡಬ್ಬಿ ಮೂವತ್ತು, ನಲವತ್ತು ವರ್ಷ ಓಡುತ್ತದೆ. ಆ ಅವಧಿಯಲ್ಲಿ ಮರದ ಹಲಗೆ ಹೋಗಿ ತಗಡು ಬರುತ್ತದೆ. ಬಾಗಿಲು ಬದಲಾಗುತ್ತದೆ. ಒಂದು ಬದಿಯ ಕಮಾನು ಪಟ್ಟಿ ಒಂದು ನಮೂನೆ, ಇನ್ನೊಂದು ಬದಿಯದು ಇನ್ನೊಂದು ನಮೂನೆ ಆಗಿರುತ್ತದೆ. ಕೆಲವೊಮ್ಮೆ ಮಾಲೀಕರೂ ಬದಲಾಗುತ್ತಾರೆ.

ಈ ಮಾಲೀಕರ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡಬ್ಬಿಯ ಮೈಮೇಲೆ ದೊಡ್ಡದಾಗಿ ಬರೆದಿರುವುದು ಅದೇ ಅಲ್ವಾ? ಸದರ್ನ್ ಮರಾಠಾ ಕಂಪನಿ 1908ರಲ್ಲಿ ಮದ್ರಾಸ್ ರೈಲ್ವೆ ಜೊತೆ ಸೇರಿ ಮದ್ರಾಸ್ ಆಂಡ್ ಸದರ್ನ್ ಮರಾಠಾ ರೈಲ್ವೆ ಆಯಿತು. 1944ರಲ್ಲಿ ಅದು ಸರ್ಕಾರದ ಕೈಗೆ ಬಂತು. 1951ರ ಏಪ್ರಿಲ್ 14ರಂದು ಸೌತ್ ಇಂಡಿಯನ್ ರೈಲ್ವೆ, ಮೈಸೂರು ರೈಲ್ವೆಗಳ ಜೊತೆ ಕೂಡಿ ದಕ್ಷಿಣ ರೈಲ್ವೆ ಆಯಿತು. 1966ರ ಅಕ್ಟೋಬರ್ 2ಕ್ಕೆ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದಾಗ ಹುಬ್ಬಳ್ಳಿ ವಿಭಾಗ ಅದಕ್ಕೆ ಹೋಯಿತು. ಈ ವರ್ಷಗಳನ್ನು ಒಂದು ಚೀಟಿಯಲ್ಲಿ ಬರೆದು ಕೆಲಸ ಮಾಡುವ ಮೇಜಿನ ಮುಂದೆ ಅಂಟಿಸಿಕೊಳ್ಳಿ. 1965ರ ಬಾಗಲಕೋಟೆ ಯಾರ್ಡಿನಲ್ಲಿ ದಕ್ಷಿಣ ಮಧ್ಯ ರೈಲ್ವೆಯ 'ಎಸ್.ಸಿ.' ಅಕ್ಷರ ಬಂದರೆ ತಪ್ಪು. ಆದರೆ 1968ರ ಯಾರ್ಡಿನಲ್ಲಿ ದಕ್ಷಿಣ ರೈಲ್ವೆಯ 'ಎಸ್.ಆರ್.' ಅಂತ ಇದ್ದರೆ ತಪ್ಪಲ್ಲ. ಹೊಸ ಹೆಸರು ಬಂತು ಅಂತ ಎಲ್ಲ ಡಬ್ಬಿಗಳನ್ನೂ ಮರುದಿನವೇ ಯಾರೂ ಬಣ್ಣ ಬಳಿಯುವುದಿಲ್ಲ. ವರ್ಕ್‌ಶಾಪ್ ಸರದಿ ಬಂದಾಗ ಬಳಿಯುತ್ತಾರೆ. ಅಲ್ಲಿಯವರೆಗೆ ಹಳೆ ಅಕ್ಷರವೇ ಓಡಾಡುತ್ತದೆ. ಅಕ್ಷರ ಬದಲಾಗುವ ನಡುಗಾಲವನ್ನು ಮಾದರಿಯಲ್ಲಿ ತೋರಿಸುವುದು ನನಗೆ ಬಾಳ ಇಷ್ಟದ ಕೆಲಸ. ಒಂದೇ ಗಾಡಿಯಲ್ಲಿ ಅರ್ಧ ಡಬ್ಬಿ ಹಳೆ ಹೆಸರಿನವು, ಅರ್ಧ ಹೊಸ ಹೆಸರಿನವು. ನೋಡಿದ ಕೂಡಲೇ ಕಾಲ ತಿಳಿಯುತ್ತದೆ.

ಇನ್ನೊಂದು ಸಂಗತಿ ಜನರಿಗೆ ಹೊಳೆಯುವುದೇ ಇಲ್ಲ. ಅದು ಯಾವ ಊರಿನ ಡಬ್ಬಿ ಇಲ್ಲಿಗೆ ಬರಬಹುದಿತ್ತು ಅನ್ನುವುದು. ಮೀಟರ್‌ಗೇಜ್ ಅಂದರೆ ಇಡೀ ದೇಶಕ್ಕೆ ಒಂದೇ ಬಲೆ ಅಂತ ತಿಳಿದುಕೊಳ್ಳುತ್ತೇವೆ. ಬಹಳ ಕಾಲ ಹಾಗಿರಲಿಲ್ಲ. ದಕ್ಷಿಣದ್ದೊಂದು ಬಲೆ, ರಾಜಸ್ಥಾನ, ಗುಜರಾತ್ ಕಡೆಯದು ಇನ್ನೊಂದು. ನಡುವೆ ಖಂಡ್ವಾ–ಹಿಂಗೋಲಿ ಕೊಂಡಿ ಮುಗಿದದ್ದು 1960ರ ಆಸುಪಾಸಿನಲ್ಲಿ. ಅದಾದ ಮೇಲೆ ಅಜ್ಮೀರ್ ಕಡೆಯ ಡಬ್ಬಿ ಸಿಕಂದರಾಬಾದ್ ಮೇಲೆ ದಕ್ಷಿಣಕ್ಕೆ ತನ್ನ ಚಕ್ರದ ಮೇಲೇ ಉರುಳಿ ಬರಬಹುದಾಯಿತು. ಅಂದರೆ 1938ರ ವಿಜಯಪುರದ ಮಾದರಿಯಲ್ಲಿ ಗುಜರಾತ್, ರಾಜಸ್ಥಾನ ಕಡೆಯ ಬಿ.ಬಿ. ಆಂಡ್ ಸಿ.ಐ. (ಬಾಂಬೆ, ಬರೋಡಾ ಆಂಡ್ ಸೆಂಟ್ರಲ್ ಇಂಡಿಯಾ) ರೈಲ್ವೆಯ ಮೀಟರ್‌ಗೇಜ್ ಡಬ್ಬಿ ನಿಲ್ಲಿಸಿದರೆ ಅದು ಇಲ್ಲಿಗೆ ಹೇಗೆ ಬಂತು ಅಂತ ಯಾರಾದರೂ ಕೇಳಬಹುದು. 1970ರ ಮಾದರಿಯಲ್ಲಿ ಪಶ್ಚಿಮ ರೈಲ್ವೆಯ ಡಬ್ಬಿ ನಿಲ್ಲಿಸಿದರೆ ಯಾರೂ ಕೇಳುವುದಿಲ್ಲ. ಡಬ್ಬಿ ಹುಡುಕುವ ಮುಂಚೆ ಆ ಕಾಲದ ರೈಲು ನಕ್ಷೆ ಹುಡುಕಿ ಅಂತ ನಾನು ಹೇಳುವುದು ಇದಕ್ಕೇ.

ಈಗ ಈ ಫೋಟೋ ನೋಡ್ರಿ. ಇದು ರೈಲಿನ ಫೋಟೋ ಅಂತ ತೆಗೆದದ್ದಲ್ಲ. ಸ್ಟೇಷನ್ ಸಿಬ್ಬಂದಿಯೊಬ್ಬರ ಬೀಳ್ಕೊಡುಗೆಯ ಗ್ರೂಪ್ ಫೋಟೋ. ಮುಂದೆ ಕುರ್ಚಿ ಮೇಲೆ ಹಾರ ಹಾಕಿಕೊಂಡು ಕೂತವರು, ಹಿಂದೆ ನಿಂತವರು, ನೆಲದ ಮೇಲೆ ಕೂತ ಮಕ್ಕಳು. ಅವರ ಹಿಂದೆ ಗೂಡ್ಸ್ ಶೆಡ್ಡು. ಶೆಡ್ಡಿನ ಪಕ್ಕ ಒಂದು ಮುಚ್ಚು ಡಬ್ಬಿ, ಅದೂ ಅರ್ಧ. ಫೋಟೋ ಕೊಟ್ಟ ಮನೆಯವರಿಗೆ ವರ್ಷ ನೆನಪಿರಲಿಲ್ಲ. ನಾವು ಡಬ್ಬಿಯನ್ನೇ ಕೇಳೋಣ.

ಮೇಲಿನ ಎಡಗಡೆ 'ಎಸ್.ಆರ್.' ಇದೆ, ಪಕ್ಕದಲ್ಲಿ ಹಿಂದಿ ಅಕ್ಷರ ಇದೆ. ಹಾಗಾದರೆ 1951ರ ನಂತರದ್ದು. ಅದರ ಕೆಳಗೆ ಒಂದು ಸಣ್ಣ ಚೌಕ. ಡಬ್ಬಿ ಕೊನೆಯ ಸಲ ಪೂರ್ತಿ ರಿಪೇರಿಗೆ ಹೋದ ವರ್ಕ್‌ಶಾಪಿನ ಗುರುತು ಮತ್ತು ತಾರೀಖು ಅಲ್ಲಿರುತ್ತದೆ. ರೈಲ್ವೆಯವರು ಅದನ್ನು ಪಿ.ಓ.ಎಚ್. ತಾರೀಖು ಅನ್ನುತ್ತಾರೆ. ದೊಡ್ಡದು ಮಾಡಿ ನೋಡಿದರೆ ಕೊನೆಯ ಎರಡು ಅಂಕಿ 64. ಅಂದರೆ ಫೋಟೋ 1964ಕ್ಕಿಂತ ಹಿಂದಿನದಲ್ಲ. ಚೌಕದ ಬಣ್ಣ ಇನ್ನೂ ಬಿಳಿಯಾಗಿದೆ, ಮಾಸಿಲ್ಲ. ನಮ್ಮ ಬಿಸಿಲಿಗೆ, ನಮ್ಮ ಧೂಳಿಗೆ ಆ ಬಿಳಿ ಹೆಚ್ಚು ದಿನ ನಿಲ್ಲುವುದಿಲ್ಲ. ಹಾಗಾಗಿ 1964 ಅಥವಾ 65 ಅಂತ ಧೈರ್ಯವಾಗಿ ಹೇಳಬಹುದು. ಇನ್ನೊಂದು ಸಾಕ್ಷಿ ತೂಕದ ಬರಹ. ತೂಕ ಮತ್ತು ಅಳತೆ ಕಾಯಿದೆ 1956ರದು. ಅದು ಜಾರಿಗೆ ಬರುತ್ತಾ ಬಂದಂತೆ, 1960ರ ಆಸುಪಾಸಿನಲ್ಲಿ ಡಬ್ಬಿಗಳ ಮೇಲೆ ಹಳೆಯ ಟನ್ನು, ಹಂಡ್ರೆಡ್‌ವೇಟ್ ಹೋಗಿ ಮೆಟ್ರಿಕ್ ತೂಕ ಬಂತು. ಈ ಡಬ್ಬಿಯಲ್ಲಿ ಮೆಟ್ರಿಕ್ ಇದೆ. ನಮ್ಮ ಲೆಕ್ಕಕ್ಕೆ ಸರಿಹೊಂದುತ್ತದೆ.

ಇಷ್ಟಾದ ಮೇಲೆ ಅಳತೆ. ಫೋಟೋದಿಂದ ಅಳತೆ ತೆಗೆಯಬೇಕಾದರೆ ಅದರೊಳಗೆ ನಮಗೆ ಗೊತ್ತಿರುವ ಒಂದು ಅಳತೆ ಇರಬೇಕು. ಮೀಟರ್‌ಗೇಜ್ ಡಬ್ಬಿಯ ಚಕ್ರ ಹೊಸದಿದ್ದಾಗ ಎರಡು ಅಡಿ ನಾಲ್ಕೂವರೆ ಇಂಚು, ಸುಮಾರು 725 ಮಿ.ಮೀ. ಫೋಟೋದಲ್ಲಿ ಚಕ್ರ 10 ಮಿ.ಮೀ. ಕಾಣುತ್ತದೆ, ಡಬ್ಬಿಯ ಮೈ 80 ಮಿ.ಮೀ. ಕಾಣುತ್ತದೆ ಅಂತ ಇಟ್ಟುಕೊಳ್ಳಿ. ಫೋಟೋದ ಒಂದು ಮಿ.ಮೀ. ಅಂದರೆ ನಿಜದಲ್ಲಿ 72.5 ಮಿ.ಮೀ. ಮೈಯ ಉದ್ದ 5,800 ಮಿ.ಮೀ., ಅಂದರೆ ಹೆಚ್ಚುಕಡಿಮೆ 19 ಅಡಿ. ನಾಲ್ಕು ಚಕ್ರದ ಮುಚ್ಚು ಡಬ್ಬಿಗೆ ನಂಬಬಹುದಾದ ಅಳತೆ ಇದು.

ಇಲ್ಲಿ ಎರಡು ಎಚ್ಚರಿಕೆ ಬೇಕು. ಚಕ್ರ ಸವೆಯುತ್ತದೆ. ಸವೆದದ್ದನ್ನು ಲೇತ್ ಮೇಲೆ ಮತ್ತೆ ಮತ್ತೆ ಕಡೆದು ಸರಿ ಮಾಡುತ್ತಾರೆ. ಹಳೆ ಚಕ್ರದ ವ್ಯಾಸ 725ಕ್ಕಿಂತ ಕಡಿಮೆ ಇರುತ್ತದೆ. ಅದಕ್ಕೆ ಇನ್ನೊಂದು ಗೊತ್ತಿರುವ ಅಳತೆ ಇಟ್ಟು ತಾಳೆ ನೋಡಬೇಕು. ಮೀಟರ್‌ಗೇಜ್ ಮರದ ಸ್ಲೀಪರ್, ಅಂದರೆ ಹಳಿಯ ಅಡಿಗೆ ಹಾಕುವ ಅಡ್ಡ ದಿಮ್ಮಿ, 6 ಅಡಿ ಉದ್ದ. ಶೆಡ್ಡಿನ ಗೋಡೆ, ಬಾಗಿಲು ಇನ್ನೂ ಉಳಿದಿದ್ದರೆ ಹೋಗಿ ಟೇಪ್ ಹಿಡಿದು ಬರಬಹುದು. ಎರಡನೆಯದು ಫೋಟೋದ ಕೋನ. ಕ್ಯಾಮೆರಾ ಡಬ್ಬಿಗೆ ನೇರವಾಗಿ ನಿಂತಿರದಿದ್ದರೆ ಹತ್ತಿರದ ತುದಿ ದೊಡ್ಡದು, ದೂರದ ತುದಿ ಸಣ್ಣದು. ಎರಡೂ ಚಕ್ರ ಅಳೆದು ನೋಡಿದರೆ ವ್ಯತ್ಯಾಸ ಎಷ್ಟು ಅಂತ ತಿಳಿಯುತ್ತದೆ.

ಡ್ರಾಯಿಂಗ್ ಕಡೆಗೂ ಬರೋಣ, ಅದು ಬೇಡ ಅಂತ ನಾನು ಹೇಳುತ್ತಿಲ್ಲ. ಸ್ವಾತಂತ್ರ್ಯಕ್ಕೆ ಮುಂಚಿನ ಡಬ್ಬಿಗಳು ಬಹಳಷ್ಟು ಇಂಗ್ಲೆಂಡಿನ ಕಾರ್ಖಾನೆಗಳಲ್ಲಿ ಆದವು. ಕಟ್ಟಿ ಮುಗಿದ ಡಬ್ಬಿಯನ್ನು ನೇರ ಬದಿಯಿಂದ ಫೋಟೋ ತೆಗೆದಿಡುವ ಪದ್ಧತಿ ಅಲ್ಲಿನ ಕೆಲವು ಕಂಪನಿಗಳಲ್ಲಿತ್ತು. ಗ್ಲೌಸ್ಟರ್ ಕ್ಯಾರೇಜ್ ಆಂಡ್ ವ್ಯಾಗನ್ ಕಂಪನಿ ಅಂಥದ್ದು. ಅದರ ದಾಖಲೆಗಳು ಗ್ಲೌಸ್ಟರ್‌ಶೈರ್ ದಾಖಲೆ ಭಂಡಾರದಲ್ಲಿವೆ. ಆಮೇಲೆ ನಮ್ಮಲ್ಲೇ ಕಟ್ಟುವುದು ಜಾಸ್ತಿ ಆಯಿತು. ಕೋಲ್ಕತ್ತಾದ ಜೆಸ್ಸಪ್, ಬರ್ನ್, ಬ್ರೇತ್‌ವೇಟ್ ಕಂಪನಿಗಳ ಹೆಸರು ಡಬ್ಬಿಯ ಅಡಿಯ ಉದ್ದ ಚಾನಲ್ ಮೇಲಿನ ಎರಕದ ಪಟ್ಟಿಯಲ್ಲಿ ಕಾಣುತ್ತದೆ. ಆ ಚಾನಲ್ಲನ್ನು ಸೋಲ್‌ಬಾರ್ ಅನ್ನುತ್ತಾರೆ. 1930ರಲ್ಲಿ ಸೆಂಟ್ರಲ್ ಸ್ಟ್ಯಾಂಡರ್ಡ್ಸ್ ಆಫೀಸ್ ಆದ ಮೇಲೆ ದೇಶಕ್ಕೆಲ್ಲ ಒಂದೇ ನಮೂನೆಯ ಡ್ರಾಯಿಂಗ್ ಮಾಡುವ ಕೆಲಸಕ್ಕೆ ಬಲ ಬಂತು. 1957ರಲ್ಲಿ ಅದೇ ಸಂಸ್ಥೆ ಲಖನೌದ ರೈಲ್ವೆ ಸಂಶೋಧನೆ, ವಿನ್ಯಾಸ ಸಂಸ್ಥೆಯಾದ ಆರ್.ಡಿ.ಎಸ್.ಓ. ಒಳಗೆ ಸೇರಿತು.

ನಮ್ಮ ಹತ್ತಿರದಲ್ಲಿ ಹುಬ್ಬಳ್ಳಿ ಇದೆ. ಅಲ್ಲಿನ ವರ್ಕ್‌ಶಾಪ್ 1885ರದು. ನಮ್ಮ ದಾರಿಯ ಡಬ್ಬಿಗಳು ರಿಪೇರಿಗೆ ಹೋಗುತ್ತಿದ್ದದ್ದು ಅಲ್ಲಿಗೇ. 2020ರಲ್ಲಿ ಅಲ್ಲಿ ರೈಲು ಮ್ಯೂಸಿಯಂ ಕೂಡ ಆಯಿತು. ಹಳೆಯ ಎರಡು ರೈಲ್ವೆ ಮನೆಗಳಿಗೆ ಮಲಪ್ರಭಾ, ಘಟಪ್ರಭಾ ಅಂತ ಹೆಸರಿಟ್ಟು ಮಾಡಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ. ನೀವು ಮಾತ್ರ ಆಟಿಕೆ ರೈಲಿನ ಸಾಲಿನಲ್ಲಿ ನಿಲ್ಲಬೇಡಿ. ಡಬ್ಬಿಗೆ ಡಬ್ಬಿ ತಾಗುವಾಗ ಹೊಡೆತ ತಡೆಯುವ ಬಫರ್ ಹೇಗಿದೆ, ಕೊಕ್ಕೆ ಹೇಗಿದೆ ನೋಡಿಕೊಂಡು ಬನ್ನಿ. ಮೀಟರ್‌ಗೇಜ್ ಡಬ್ಬಿಗೆ ಬ್ರಾಡ್‌ಗೇಜಿನ ಹಾಗೆ ಎರಡು ಬದಿಗೆ ಎರಡು ಬಫರ್ ಇರಲಿಲ್ಲ. ನಡುವೆ ಒಂದೇ ಬಫರ್, ಅದಕ್ಕೇ ಕೊಕ್ಕೆ. ಅಂಗಡಿಯಲ್ಲಿ ಸಿಗುವ ವಿದೇಶಿ ಕಿಟ್‌ಗಳಲ್ಲಿ ಬಹಳಷ್ಟಕ್ಕೆ ಎರಡು ಬಫರ್ ಇರುತ್ತವೆ. ಅದನ್ನು ಹಾಗೇ ತಂದು ಕಾವಿ ಬಣ್ಣ ಬಳಿದರೆ ನಮ್ಮ ಡಬ್ಬಿ ಆಗುವುದಿಲ್ಲ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಬಾರ್ಶಿ ಲೈಟ್ ರೈಲ್ವೆ ಬಗ್ಗೆ ಹೇಳುತ್ತೇನೆ. ನಿಮ್ಮಲ್ಲಿ ಪಂಢರಪುರದ ವಾರಿಗೆ ಹೋದ ಹಿರಿಯರಿದ್ದರೆ ಆ ಸಣ್ಣ ಗಾಡಿ ನೆನಪಿರುತ್ತದೆ. 762 ಮಿ.ಮೀ. ಹಳಿ, 1897ರಲ್ಲಿ ಶುರು, 1927ರಲ್ಲಿ ಮಿರಜಿಗೂ ಬಂತು. ಅದನ್ನು ರೂಪಿಸಿದ ಎವರಾರ್ಡ್ ಕ್ಯಾಲ್ಥ್ರಾಪ್ ಒಂದು ಜಾಣತನ ಮಾಡಿದ. ಯಾವ ಗಾಡಿಯೇ ಆಗಲಿ, ಒಂದು ಆಕ್ಸಲ್ ಮೇಲೆ 5 ಟನ್ನಿಗಿಂತ ಜಾಸ್ತಿ ಭಾರ ಬೀಳಬಾರದು ಅಂತ ಮಿತಿ ಹಾಕಿಕೊಂಡ. ಗೂಡ್ಸ್ ಡಬ್ಬಿಗಳೆಲ್ಲ 25 ಅಡಿಯ ಒಂದೇ ನಮೂನೆಯ ಅಡಿಗಟ್ಟಿನ ಮೇಲೆ. ಅಡಿಗಟ್ಟು ಲೀಡ್ಸ್ ಫೋರ್ಜ್ ಕಂಪನಿಯ ಒತ್ತಿ ಬಾಗಿಸಿದ ಉಕ್ಕಿನದು. ಮಾದರಿ ಮಾಡುವವರಿಗೆ ಇದಕ್ಕಿಂತ ಅನುಕೂಲ ಬೇಕೆ? ಒಂದು ಅಡಿಗಟ್ಟು ಸರಿಯಾಗಿ ಮಾಡಿಕೊಂಡರೆ ಮುಚ್ಚು ಡಬ್ಬಿ, ತೆರೆದ ಡಬ್ಬಿ ಎಲ್ಲಕ್ಕೂ ಅದೇ ಆಗುತ್ತದೆ. ಅದೇ ಕ್ಯಾಲ್ಥ್ರಾಪ್ ಆಮೇಲೆ ಇಂಗ್ಲೆಂಡಿನಲ್ಲಿ ಲೀಕ್ ಆಂಡ್ ಮ್ಯಾನಿಫೋಲ್ಡ್ ಅನ್ನುವ ಸಣ್ಣ ರೈಲನ್ನೂ ಮಾಡಿದ. ಅಲ್ಲಿನ ಹವ್ಯಾಸಿಗಳಿಗೆ ಅದರ ಮೇಲೆ ಪ್ರೀತಿ. ಅದರ ಮೂಲ ಹುಡುಕುತ್ತಾ ಬಾರ್ಶಿಯವರೆಗೂ ಬರುತ್ತಾರೆ. ನಮ್ಮ ಹೋಟಗಿ–ಗದಗ ದಾರಿಗೆ ಅಂಥ ನಂಟು ಯಾರದೂ ಇಲ್ಲ. ಅದನ್ನು ಹುಡುಕಬೇಕಾದವರು ನಾವೇ.

ಹುಡುಕುವುದಕ್ಕೆ ನಮ್ಮಲ್ಲಿರುವ ದೊಡ್ಡ ಆಸ್ತಿ ಅಡತಿ ಅಂಗಡಿಗಳು. ಇದನ್ನು ಒತ್ತಿ ಹೇಳುತ್ತೇನೆ. ಹತ್ತಿ, ಜೋಳ, ಶೇಂಗಾ, ಬೆಲ್ಲದ ವ್ಯಾಪಾರ ಮಾಡಿದ ಮನೆತನಗಳು ವಿಜಯಪುರದಲ್ಲಿ, ಬಾಗಲಕೋಟೆಯಲ್ಲಿ, ಬೆಳಗಾವಿಯಲ್ಲಿ ಇನ್ನೂ ಇವೆ. ಮಾಲು ರೈಲಿಗೆ ಹಾಕಿದಾಗ ರೈಲ್ವೆಯವರು ರಸೀದಿ ಕೊಡುತ್ತಿದ್ದರು, ನಮ್ಮ ಮಂದಿ ಬಿಲ್ಟಿ ಅನ್ನುತ್ತಿದ್ದರು. ಬಿಲ್ಟಿಯಲ್ಲಿ ಎಲ್ಲಿಂದ ಎಲ್ಲಿಗೆ, ಏನು ಮಾಲು, ಎಷ್ಟು ನಗ, ಎಷ್ಟು ತೂಕ ಅಂತ ಇರುತ್ತದೆ. ಡಬ್ಬಿಯ ನಂಬರಿಗೂ ಒಂದು ಅಂಕಣ ಇರುತ್ತದೆ. ಮುಟ್ಟಿದ ಸ್ಟೇಷನ್ನಿನಲ್ಲಿ ಮಾಲು ಬಿಡಿಸಿಕೊಳ್ಳುವಾಗ ಆ ಬಿಲ್ಟಿಯನ್ನು ರೈಲ್ವೆಗೆ ವಾಪಸ್ ಕೊಡಬೇಕು. ಹಾಗಾಗಿ ಬಿಲ್ಟಿ ಅಂಗಡಿಯಲ್ಲಿ ಉಳಿಯುವುದು ಕಡಿಮೆ. ಉಳಿಯುವುದು ಖಾತೆ ಪುಸ್ತಕ. ಅದರಲ್ಲಿ ಗುಮಾಸ್ತ ಬಿಲ್ಟಿ ನೋಡಿಯೇ ಬರೆದುಕೊಂಡಿರುತ್ತಾನೆ. ಕೆಲವರು ಡಬ್ಬಿ ನಂಬರನ್ನೂ ಬರೆದಿದ್ದಾರೆ. ಮಾಲು ಕಳುವಾದರೆ, ಮಳೆಗೆ ನೆನೆದರೆ ರೈಲ್ವೆಗೆ ಅರ್ಜಿ ಹಾಕಬೇಕಲ್ಲ, ಅದಕ್ಕೆ ಬೇಕಾಗುತ್ತಿತ್ತು. ಆ ಪುಸ್ತಕಗಳಲ್ಲಿ ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಅಕ್ಷರವೂ ಬರುತ್ತದೆ, ಕನ್ನಡವೂ ಬರುತ್ತದೆ. ಓದಲು ಹಿರಿಯರ ಸಹಾಯ ಬೇಕು. ಆದರೆ ಯಾವ ತಿಂಗಳಲ್ಲಿ ಯಾವ ಮಾಲು ಎಲ್ಲಿಗೆ ಹೋಯಿತು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ತಿಂಗಳು ಯಾಕೆ ಬೇಕು ಅನ್ನುತ್ತೀರಾ? ಹತ್ತಿ ಹಂಗಾಮಿನಲ್ಲಿ ಗೂಡ್ಸ್ ಶೆಡ್ಡಿನ ಮುಂದೆ ಬೇಲುಗಳ ರಾಶಿ ಇರಬೇಕು. ಮಳೆಗಾಲದ ಮಾದರಿಯಲ್ಲಿ ಆ ರಾಶಿ ಇಟ್ಟರೆ ವ್ಯಾಪಾರ ಮಾಡಿದವರು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಹತ್ತಿಯಲ್ಲೂ ಎರಡು ಬಗೆ. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಿಂದ ಸಡಿಲವಾಗಿ ತುಂಬಿ ತಂದದ್ದು ಅಂಡಿಗೆ. ಅದು ಉಬ್ಬಿಕೊಂಡು, ದುಂಡಗೆ, ಮೂಲೆ ಇಲ್ಲದೆ ಇರುತ್ತದೆ. ಪ್ರೆಸ್ಸಿನಲ್ಲಿ ಒತ್ತಿ ಕಬ್ಬಿಣದ ಪಟ್ಟಿ ಬಿಗಿದದ್ದು ಬೇಲು. ಅದಕ್ಕೆ ಮೂಲೆ ಇರುತ್ತದೆ, ತಟ್ಟಿನ ಮೇಲೆ ಮಾರ್ಕು ಇರುತ್ತದೆ. ಹಳೆಯ ಲೆಕ್ಕದಲ್ಲಿ ಬೇಲಿಗೆ 392 ಪೌಂಡ್, ಅಂದರೆ ಸುಮಾರು 178 ಕಿಲೋ. ಹತ್ತು ಬೇಲು ಹಾಕಿದರೆ ಎಷ್ಟು ಭಾರ, ಡಬ್ಬಿಗೆ ಎಷ್ಟು ಹಿಡಿಯುತ್ತದೆ ಅಂತ ಆಗ ನಿಮಗೇ ಲೆಕ್ಕ ಸಿಗುತ್ತದೆ. ಆ ಹತ್ತಿ ಹೋಟಗಿಗೆ ಹೋದರೆ ಅಲ್ಲಿ ಮುಂಬೈ ಕಡೆಯ ಬ್ರಾಡ್‌ಗೇಜ್ ಡಬ್ಬಿಗೆ ಹಮಾಲರು ಹೆಗಲ ಮೇಲೆ ಹೊತ್ತು ಬದಲಿಸಬೇಕು. ಲೋಂಡಾ ಮೇಲೆ ಗೋವಾದ ಮುರಗಾಂವ್ ಬಂದರಿಗೆ ಹೋದರೆ ಬದಲಿಸುವ ತಾಪತ್ರಯ ಇಲ್ಲ, ಅಲ್ಲಿವರೆಗೂ ಮೀಟರ್‌ಗೇಜೇ.

ಬಣ್ಣದ ಬಗ್ಗೆ ಬಹಳ ಜನ ಜಗಳ ಆಡುತ್ತಾರೆ. ಕಪ್ಪು-ಬಿಳುಪು ಫೋಟೋದಲ್ಲಿ ಡಬ್ಬಿ ಕಪ್ಪಗೆ ಕಂಡರೆ ಅದು ಕಪ್ಪೇ ಅಂತ ತೀರ್ಮಾನಿಸಬೇಡಿ. ಹಳೆಯ ಆರ್ಥೋಕ್ರೊಮ್ಯಾಟಿಕ್ ಪ್ಲೇಟು, ಫಿಲ್ಮುಗಳಿಗೆ ಕೆಂಪು ಬೆಳಕು ತಾಗುತ್ತಿರಲಿಲ್ಲ. ಕೆಂಪು ಡಬ್ಬಿ, ಕೆಂಪು ಸೀರೆ, ಕುಂಕುಮ ಎಲ್ಲವೂ ಅದರಲ್ಲಿ ಕಪ್ಪಾಗಿಯೇ ಬರುತ್ತವೆ. ಹಾಗಾಗಿ ಹಳೆ ಫೋಟೋ ಬಣ್ಣಕ್ಕೆ ಸಾಕ್ಷಿ ಅಲ್ಲ. ಹಳೆ ಡಬ್ಬಿಯ ಮೈ ಎಲ್ಲಾದರೂ ಉಳಿದಿದ್ದರೆ ಸಾಕ್ಷಿ ಅಲ್ಲಿರುತ್ತದೆ. ಚಕ್ರ ತೆಗೆದು ನೆಲಕ್ಕೆ ಕೂರಿಸಿ ಸಾಮಾನಿನ ಕೋಣೆ ಮಾಡಿಕೊಂಡ ಡಬ್ಬಿಗಳು ಇರುತ್ತವೆ. ಕೇಳಿ, ಒಪ್ಪಿಗೆ ಪಡೆದು, ಕಾಣದ ಮೂಲೆಯಲ್ಲಿ ನಾಣ್ಯದಷ್ಟು ಜಾಗವನ್ನು ನಯವಾದ ಎಮರಿ ಪೇಪರ್‌ನಿಂದ ನೀರು ಹಾಕಿ ನಿಧಾನ ಉಜ್ಜಿ. ಒಂದರ ಒಳಗೊಂದು ಬಳೆಯ ಹಾಗೆ ಬಣ್ಣದ ಪದರಗಳು ಕಾಣುತ್ತವೆ. ಎಲ್ಲಕ್ಕಿಂತ ಒಳಗಿನದು ಎಲ್ಲಕ್ಕಿಂತ ಹಳೆಯದು. ರೈಲ್ವೆ ಜಾಗದೊಳಗೆ ಅಪ್ಪಣೆ ಇಲ್ಲದೆ ಹೋಗುವುದು ಅಪರಾಧ, ಅದನ್ನು ಮರೆಯಬೇಡಿ. ಸ್ಟೇಷನ್ ಮಾಸ್ಟರನ್ನು ಕೇಳಿದರೆ ಯಾರ ಹತ್ತಿರ ಹೋಗಬೇಕು ಅಂತ ಅವರೇ ಹೇಳುತ್ತಾರೆ.

ನಿವೃತ್ತ ಟಿ.ಎಕ್ಸ್.ಆರ್. ಒಬ್ಬರ ಜೊತೆ ಒಮ್ಮೆ ಕೂತು ಮಾತಾಡಿದ್ದೆ. ಟಿ.ಎಕ್ಸ್.ಆರ್. ಅಂದರೆ ಗಾಡಿ ಹೊರಡುವ ಮುಂಚೆ ಡಬ್ಬಿಗಳನ್ನು ತಪಾಸಣೆ ಮಾಡುವವರು. ನಾನು ಬಾಗಿಲು, ಹಲಗೆ, ಅಕ್ಷರ ಅಂತ ಕೇಳುತ್ತಲೇ ಇದ್ದೆ. ಅವರು ತಡೆದು ಹೇಳಿದರು, "ತಮ್ಮಾ, ನೀ ಬರೇ ಮ್ಯಾಲಿಂದು ಕೇಳಾಕತ್ತೀದಿ. ನಾವು ಮದಲ ನೋಡೂದು ಆಕ್ಸಲ್ ಬಾಕ್ಸ್. ಕೈ ಹಿಂದಿನ ಬದಿಲೆ ಮುಟ್ಟಿ ನೋಡಬೇಕ, ಬಿಸಿ ಆಗೇತೇನು ಅಂತ." ಆಕ್ಸಲ್ ಬಾಕ್ಸ್ ಅಂದರೆ ಚಕ್ರದ ಆಕ್ಸಲ್ಲಿನ ತುದಿ ತಿರುಗುವ ಪೆಟ್ಟಿಗೆ. ಆಗಿನ ಆಕ್ಸಲ್ ಬಾಕ್ಸಿನೊಳಗೆ ಎಣ್ಣೆಯಲ್ಲಿ ನೆನೆಸಿದ ನೂಲಿನ ಉಂಡೆ ತುರುಕಿರುತ್ತಿದ್ದರು. ಆ ಎಣ್ಣೆ ಸೋರಿ ಚಕ್ರದ ಮುಖದ ಮೇಲೆ ನಡುವಿನಿಂದ ಅಂಚಿಗೆ ಎಳೆಎಳೆಯಾಗಿ ಹರಡುತ್ತದೆ. ಅದರ ಮೇಲೆ ಧೂಳು ಅಂಟಿ ಕಪ್ಪು ಜಿಗುಟು ಆಗುತ್ತದೆ. ಅವರು ಹೇಳಿದ ಮೇಲೆ ನಾನು ಹಳೆ ಫೋಟೋಗಳನ್ನು ಮತ್ತೆ ತೆಗೆದು ನೋಡಿದೆ. ಎಲ್ಲದರಲ್ಲೂ ಚಕ್ರದ ಮೇಲೆ ಆ ಎಳೆಗಳಿದ್ದವು. ಈಗ ನನ್ನ ಪ್ರತಿ ಡಬ್ಬಿಗೂ ಸಣ್ಣ ಕುಂಚದಿಂದ ಅದನ್ನು ಎಳೆಯುತ್ತೇನೆ. ಇನ್ನೊಂದು ಮಾತನ್ನೂ ಅವರೇ ಹೇಳಿದರು. ಆಕ್ಸಲ್ ಬಾಕ್ಸ್ ಮುಚ್ಚಳದ ಮೇಲೆ ಎರಕದ ಅಕ್ಷರ ನೋಡಿ ಡಬ್ಬಿ ಯಾರದು ಅಂತ ಹೇಳಬಾರದು. ರಿಪೇರಿಯಲ್ಲಿ ಒಂದರದ್ದು ಇನ್ನೊಂದಕ್ಕೆ ಹೋಗಿರುತ್ತದೆ.

ಧೂಳಿಗೂ ಊರಿದೆ. ವಿಜಯಪುರ, ಬಾಗಲಕೋಟೆ, ಗದಗಿನ ಎರೆಭೂಮಿಯಲ್ಲಿ ಓಡಿದ ಡಬ್ಬಿಯ ಅಡಿಭಾಗ ಬೂದು-ಕಪ್ಪು. ಖಾನಾಪುರ, ಲೋಂಡಾ, ಕ್ಯಾಸಲ್‌ರಾಕ್ ಕಡೆ ಓಡಿದ್ದಕ್ಕೆ ಕೆಮ್ಮಣ್ಣಿನ ಬಣ್ಣ. ಹೊಸಪೇಟೆ ಕಡೆಯಿಂದ ಬಂದರಿಗೆ ಅದಿರು ಒಯ್ದ ತೆರೆದ ಡಬ್ಬಿಯ ಒಳಮೈ ಬೇರೆಯೇ. ಬಾಗಲಕೋಟೆಯಲ್ಲಿ ಸಿಮೆಂಟ್ ತುಂಬಿದ ಡಬ್ಬಿಯ ಬಾಗಿಲ ಸಂದಿಯಲ್ಲಿ ಬಿಳಿ ಪುಡಿ ಕೂತಿರುತ್ತದೆ. ಬಾಗಿಲ ಅಂಚನ್ನೂ ಹತ್ತಿರದಿಂದ ನೋಡಿ. ಚೀಲ ಉಜ್ಜಿ ಉಜ್ಜಿ ಅಲ್ಲಿ ಬಣ್ಣ ಹೋಗಿ ತಗಡು ಹೊಳೆಯುತ್ತದೆ. ಪಕ್ಕದಲ್ಲಿ ಸೀಮೆಸುಣ್ಣದಿಂದ ಗೀಚಿದ ಊರಿನ ಹೆಸರು, ಕಾಗದದ ಲೇಬಲ್ ಸಿಕ್ಕಿಸುವ ಸಣ್ಣ ಕ್ಲಿಪ್ಪು, ಬಾಗಿಲ ಚಿಲಕಕ್ಕೆ ಹಾಕಿದ ಸೀಲು. ಇವು ಯಾವ ಡ್ರಾಯಿಂಗಿನಲ್ಲೂ ಇರುವುದಿಲ್ಲ.

ಯಾವ ಸ್ಕೇಲಿನಲ್ಲಿ ಮಾಡಬೇಕು ಅಂತ ಮುಂದಿನ ಸಾಲಿನವರು ಆಗಲೇ ಚೀಟಿ ಕಳಿಸಿದ್ದಾರೆ. ಲೆಕ್ಕ ಹೇಳುತ್ತೇನೆ, ನೀವೇ ಆರಿಸಿ. ಎಚ್.ಓ. ಅಂದರೆ 87ಕ್ಕೆ 1. ಮೀಟರ್‌ಗೇಜ್ ಅದರಲ್ಲಿ 11.5 ಮಿ.ಮೀ. ಆಗುತ್ತದೆ. ಅಂಗಡಿಯಲ್ಲಿ ಸಿಗುವ 12 ಮಿ.ಮೀ. ಹಳಿ ಹತ್ತಿರ ಹತ್ತಿರ ಸರಿ. ನಮ್ಮ 5,800 ಮಿ.ಮೀ. ಡಬ್ಬಿ ಅದರಲ್ಲಿ ಸುಮಾರು 67 ಮಿ.ಮೀ., ಅಂಗೈಯಲ್ಲಿ ಹಿಡಿಯುತ್ತದೆ. 12 ಮಿ.ಮೀ. ಹಳಿ ಸಿಗದೆ ಮಾಮೂಲಿ 16.5 ಮಿ.ಮೀ. ಹಳಿ ಮಾತ್ರ ಸಿಗುತ್ತದೆ ಅಂದರೆ ಸ್ಕೇಲನ್ನೇ 60ಕ್ಕೆ 1 ಮಾಡಿಕೊಳ್ಳಿ. 16.5ನ್ನು 60ರಿಂದ ಗುಣಿಸಿದರೆ 990, ಒಂದು ಮೀಟರಿಗೆ ಒಂದೇ ಸೆಂಟಿಮೀಟರ್ ಕಡಿಮೆ. ದೊಡ್ಡದು ಬೇಕಂದರೆ 22.5ಕ್ಕೆ 1, 45 ಮಿ.ಮೀ. ಹಳಿ. ಆಗ ಡಬ್ಬಿ 258 ಮಿ.ಮೀ. ಆಗುತ್ತದೆ. ನನ್ನ ಮಾತು ಕೇಳಿದರೆ ಮೊದಲ ಡಬ್ಬಿಯನ್ನು ದೊಡ್ಡ ಸ್ಕೇಲಿನಲ್ಲೇ ಮಾಡಿ. ಒಂದಿಂಚು ತಲೆಯ ರಿವೆಟ್ ಎಚ್.ಓ.ದಲ್ಲಿ ಒಂದು ಮಿ.ಮೀ.ನ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ದೊಡ್ಡದರಲ್ಲಿ ಒಂದು ಮಿ.ಮೀ.ಗೂ ಜಾಸ್ತಿ. ಹಳೆಯ ಡಬ್ಬಿಯ ರೂಪ ನಿಲ್ಲುವುದೇ ರಿವೆಟ್ಟಿನ ಸಾಲಿನ ಮೇಲೆ. ಪ್ಲಾಸ್ಟಿಕ್ ಹಾಳೆಯ ಹಿಂಬದಿಯಿಂದ ಮೊಂಡು ಸೂಜಿಯಲ್ಲಿ ಒತ್ತಿದರೆ ಮುಂದೆ ಗುಬುಟು ಏಳುತ್ತದೆ. ಸ್ಕೇಲ್ ಪಟ್ಟಿ ಇಟ್ಟು ಸಮ ದೂರದಲ್ಲಿ ಒತ್ತಬೇಕು. ವೆಲ್ಡಿಂಗ್ ಮಾಡಿದ ಹೊಸ ಕಾಲದ ಡಬ್ಬಿಗೆ ಈ ಸಾಲು ಬೇಡ. ಅಲ್ಲೂ ವರ್ಷವೇ ಮುಖ್ಯ.

ಕೊನೆಗೆ ಒಂದು ವಿನಂತಿ ಇದೆ. ನಿಮ್ಮ ಮನೆಯಲ್ಲಿ ಯಾರಾದರೂ ರೈಲ್ವೆಯಲ್ಲಿದ್ದರೆ, ಅಡತಿ ಅಂಗಡಿ ಇದ್ದರೆ, ಜಿನ್ನು ಇದ್ದರೆ, ಹಳೆ ಟ್ರಂಕಿನಲ್ಲಿರುವ ಫೋಟೋ, ಖಾತೆ ಪುಸ್ತಕ ರದ್ದಿಗೆ ಹಾಕಬೇಡಿ. ಫೋಟೋವನ್ನು ಮೊಬೈಲಿನಲ್ಲಿ ಹೊಡೆದು ಕಳಿಸಿದರೆ ಮುಖ ಕಾಣುತ್ತದೆ, ಹಿಂದಿನ ಡಬ್ಬಿಯ ಮೇಲಿನ ಸಣ್ಣ ಅಂಕಿ ಕಾಣುವುದಿಲ್ಲ. ಸ್ಕ್ಯಾನರ್ ಇರುವ ಅಂಗಡಿಗೆ ಒಯ್ದು 600 ಡಿ.ಪಿ.ಐ.ನಲ್ಲಿ, ಅಂಚು ಕತ್ತರಿಸದೆ, ಮೂಲದಲ್ಲಿ ಹೇಗಿದೆಯೋ ಹಾಗೇ ಸ್ಕ್ಯಾನ್ ಮಾಡಿಸಿ. ಹಿಂಬದಿಯನ್ನೂ ಮಾಡಿಸಿ. ಸ್ಟುಡಿಯೋ ಮುದ್ರೆ, ಪೆನ್ಸಿಲಿನಲ್ಲಿ ಬರೆದ ತಾರೀಖು ಇರುವುದು ಅಲ್ಲೇ. ಯಾರು ಯಾರು ನಿಂತಿದ್ದಾರೆ ಅಂತ ಹೇಳಬಲ್ಲ ಹಿರಿಯರು ಮನೆಯಲ್ಲಿದ್ದರೆ ಅವತ್ತೇ ಕೇಳಿ ಬರೆದುಕೊಳ್ಳಿ. ಹಾರ ಹಾಕಿಕೊಂಡವರು ಯಾವ ವರ್ಷ ನಿವೃತ್ತರಾದರು ಅಂತ ತಿಳಿದರೆ, ಹಿಂದೆ ನಿಂತ ಡಬ್ಬಿಯ ವರ್ಷವೂ ತಿಳಿಯುತ್ತದೆ.